ಶಾಸಕನ ಪೀಠ ಯಾರ ಸೊತ್ತು?

ರಾಜಕಾರಣದ ವಿಚಾರವನ್ನು ಚುನಾವಣೆಯ ಕಾವು ಆರಿದ ಮೇಲೆ ಎತ್ತಿಕೊಳ್ಳುವುದೇ ಲೇಸೆಂದು ನಾವು ನಂಬಿದ್ದೇವೆ. ಕಾವು ಏರಿದ ದಿನಗಳಲ್ಲಿ ಆಡಿದ ಮಾತು ಯಾವುದೋ ಒಂದು ಪಕ್ಷದ ಮಾತಾಗಿ ಕೇಳಿಸುತ್ತದೆ. ಆರಿದ ಮೇಲೆ ಆಡಿದ ಮಾತು ವಿವೇಚನೆಗೆ ಎಡೆಗೊಡುತ್ತದೆ. ಆದುದರಿಂದ ಈ ವಾರ ಒಂದು ವಿಧಾನಸಭಾ ಕ್ಷೇತ್ರದ ಹಾಗೂ ಅಲ್ಲಿಂದ ಮೇಲೆದ್ದ ಒಬ್ಬ ಶಾಸಕರ ಚುನಾವಣಾ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ. ಕ್ಷೇತ್ರ ಚಿಂಚೋಳಿ, ಚಂದಾಪುರವನ್ನು ಮಗ್ಗುಲಲ್ಲಿಟ್ಟುಕೊಂಡು ತೆಲಂಗಾಣದ ಗಡಿಗೆ ಆತುಕೊಂಡಿರುವ ಕಲಬುರಗಿ ಜಿಲ್ಲೆಯ ಮೂಲೆಯ ತಾಲ್ಲೂಕು. ಶಾಸಕರು ವೀರೇಂದ್ರ ಪಾಟೀಲರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಹಿರಿಯರಿಗೆ ಈ ಹೆಸರು ಹೊಸದಲ್ಲ. ಕಿರಿಯರಿಗೆ ಅದು ಒಂದು ಬಡಾವಣೆಯ ಹೆಸರಾಗಿ ಮಾತ್ರ ಉಳಿದಿರಬಹುದು.

ಪಾಟೀಲರು ಚಿಂಚೋಳಿಯಲ್ಲಿ 1924ರ ಫೆಬ್ರವರಿ 28ರಂದು ಜನಿಸಿದಾಗ ಈ ನೆಲದಲ್ಲಿ ನಿಜಾಮರ ಆಳ್ವಿಕೆ ಇತ್ತು. ಮತವೆಂಬುದರ ಅರಿವೇ ಜನಸಾಮಾನ್ಯನಿಗೆ ಇರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದ ಒಕ್ಕೂಟದಲ್ಲಿ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ವಿಶಾಲ ಮೈಸೂರಿನಲ್ಲಿ ಒಂದಾದವು. ಮರುವರ್ಷವೇ ನಡೆದ 1957ರ ಚುನಾವಣೆಯಲ್ಲಿ ಚಿಂಚೋಳಿಯು ಪಾಟೀಲರನ್ನು ಕಾಂಗ್ರೆಸ್ಸಿನಿಂದ ವಿಧಾನಸಭೆಗೆ ಕಳುಹಿಸಿತು. 1962ರಲ್ಲಿಯೂ 1967ರಲ್ಲಿಯೂ ಅದೇ ತೀರ್ಪನ್ನು ನೀಡಿತು. ನಿಜಲಿಂಗಪ್ಪನವರ ಸಂಪುಟದಲ್ಲಿ ಲೋಕೋಪಯೋಗಿ ಖಾತೆಯನ್ನು ನಿರ್ವಹಿಸಿದ ಪಾಟೀಲರು, ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ತೆರಳಿದಾಗ, 1968ರ ಮೇ 29ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಹಿಂದುಳಿದ ಗಡಿನಾಡಿನ ಒಬ್ಬ ಶಾಸಕ, ರಾಜ್ಯ ಒಂದಾದ ಹನ್ನೆರಡು ವರ್ಷಗಳೊಳಗೆ ಅದರ ಚುಕ್ಕಾಣಿ ಹಿಡಿದುದು ಸಣ್ಣ ಸಂಗತಿಯಲ್ಲ. ಏಕೀಕರಣವು ಕಾಗದದ ಮೇಲಿನ ಒಪ್ಪಂದವಷ್ಟೇ ಅಲ್ಲ ಎಂಬುದಕ್ಕೆ ಅದು ಕಣ್ಣಿಗೆ ಕಾಣುವ ಸಾಕ್ಷಿಯಾಗಿತ್ತು.

ಗೆಲುವಿನ ಕಥೆಯನ್ನು ಹೇಳುವುದು ಸುಲಭ. ಈ ಬರಹದ ವಿಷಯವಾದರೋ ಪಾಟೀಲರು ಅಧಿಕಾರ ಕಳೆದುಕೊಂಡ ಬಗೆ. ಮೂರು ಸಲ ಅವರು ಕಳೆದುಕೊಂಡರು. ಮೂರು ಸಲವೂ ಬೇರೆ ಬೇರೆ ರೀತಿಯಲ್ಲಿ. ಒಂದೊಂದರಲ್ಲಿಯೂ ನಮಗೆ ಒಂದೊಂದು ಪಾಠವಿದೆ.

ಮೊದಲನೆಯದು 1971. ಕಾಂಗ್ರೆಸ್ಸು 1969ರಲ್ಲಿ ಇಬ್ಭಾಗವಾದಾಗ ಪಾಟೀಲರು ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ನಿಂತರು. ಒಂದೂವರೆ ವರ್ಷದ ತರುವಾಯ ಬಂದ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿನ ಪಾಲಾದವು. ಆ ಬಿರುಗಾಳಿಗೆ ಶಾಸಕರು ಒಬ್ಬೊಬ್ಬರಾಗಿ ದಿಕ್ಕು ಬದಲಿಸಿದರು. 1971ರ ಮಾರ್ಚ್ 18ರಂದು ಸರ್ಕಾರ ಕೊನೆಗೊಂಡಿತು. ಒಂದು ವರ್ಷ ರಾಷ್ಟ್ರಪತಿ ಆಳ್ವಿಕೆ ನಡೆದು, 1972ರಲ್ಲಿ ದೇವರಾಜ ಅರಸರ ಯುಗ ಆರಂಭವಾಯಿತು. ಇಲ್ಲಿ ಜನರು ಬೇರೊಂದು ಸಭೆಗಾಗಿ ಮತ ಹಾಕಿದ್ದರು. ಅದರ ಫಲವಾಗಿ ಉರುಳಿದ್ದು ರಾಜ್ಯದ ಸಭೆಯಲ್ಲಿದ್ದ ಸರ್ಕಾರ. ಉರುಳಿಸಿದವರು ಮತದಾರರಲ್ಲ, ಗಾಳಿಯ ಗತಿ ನೋಡಿದ ಶಾಸಕರು.

ಎರಡನೆಯದು 1978. ರಾಯಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಚಿಕ್ಕಮಗಳೂರಿನ ಸಂಸತ್ ಸದಸ್ಯ ಡಿ.ಬಿ. ಚಂದ್ರೇಗೌಡರು ಸ್ಥಾನ ತೆರವು ಮಾಡಿದರು. ಅವರ ವಿರುದ್ಧ ಜನತಾ ಪಕ್ಷ ನಿಲ್ಲಿಸಿದ್ದು ವೀರೇಂದ್ರ ಪಾಟೀಲರನ್ನು. ಪ್ರಚಾರದ ಹೊಣೆ ಹೊತ್ತು ಊರೂರು ತಿರುಗಿದವರು ಜಾರ್ಜ್ ಫರ್ನಾಂಡಿಸ್. ಹದಿಹರೆಯದಲ್ಲಿ ಬೆಂಗಳೂರಿನ ಸಂತ ಪೇತ್ರರ ಗುರುಮಠದಲ್ಲಿ ಓದಿ, ಅಲ್ಲಿಂದ ಹೊರನಡೆದು ಕಾರ್ಮಿಕ ಚಳವಳಿಯನ್ನು ಅಪ್ಪಿಕೊಂಡ ಮಂಗಳೂರಿನ ಮಗ. ದೇಶವೇ ಕಣ್ಣಿಟ್ಟು ನೋಡಿದ ಆ ನವೆಂಬರಿನ ಸ್ಪರ್ಧೆಯಲ್ಲಿ ಪಾಟೀಲರು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಇದು ನೇರವಾದ ಸೋಲು. ಮತದಾರ ಮುಖಕ್ಕೆ ಮುಖ ಕೊಟ್ಟು ಹೇಳಿದ ‘ಬೇಡ’. ಅದರಲ್ಲಿ ಅವಮಾನವೇನೂ ಇಲ್ಲ.

ಆದರೆ ಮುಂದಿನದನ್ನೂ ಮರೆಮಾಚದೆ ಹೇಳಬೇಕು. ಎರಡು ವರ್ಷ ತುಂಬುವ ಮೊದಲೇ ಪಾಟೀಲರು ತಾವು ಯಾರ ವಿರುದ್ಧ ನಿಂತಿದ್ದರೋ ಅವರದೇ ಪಕ್ಷವನ್ನು ಸೇರಿದರು. 1980ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಗೆದ್ದು ಕೇಂದ್ರದ ಮಂತ್ರಿಯೂ ಆದರು. 1984ರಲ್ಲಿ ಕಲಬುರಗಿಯಿಂದ ಮತ್ತೆ ಲೋಕಸಭೆಗೆ ಹೋದರು. ಚಿಕ್ಕಮಗಳೂರಿನಲ್ಲಿ ಅವರ ಮಾತನ್ನು ನಂಬಿ ಮತ ಹಾಕಿದವರಿಗೆ ಇದು ಹೇಗೆ ಕಂಡಿರಬೇಕು? ಹಿರಿಯರ ಗುಣವನ್ನು ಸ್ಮರಿಸುವಾಗ ಅವರ ನಡೆಯನ್ನು ಪ್ರಶ್ನಿಸಬಾರದೆಂಬ ನಿಯಮವೇನೂ ಇಲ್ಲ. ಪಾಟೀಲರನ್ನು ಸಂತರನ್ನಾಗಿಸುವ ಉದ್ದೇಶ ನಮ್ಮದಲ್ಲ.

ಮೂರನೆಯದು 1990. ಅದಕ್ಕೆ ಮುಂಚಿನ ವರ್ಷ, ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಪಾಟೀಲರ ಮುಂದಾಳತ್ವದಲ್ಲಿ ಪಕ್ಷವು ವಿಧಾನಸಭೆಯ 224 ಸ್ಥಾನಗಳಲ್ಲಿ 178ನ್ನು ಗೆದ್ದಿತ್ತು. ಪಾಟೀಲರು ತಮ್ಮ ಹಳೆಯ ಚಿಂಚೋಳಿಯಿಂದಲೇ ಆರಿಸಿಬಂದು 1989ರ ನವೆಂಬರ್ 30ರಂದು ಎರಡನೆಯ ಬಾರಿ ಮುಖ್ಯಮಂತ್ರಿಗಳಾದರು. ಮರುವರ್ಷ ಅವರು ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದರು. ಅದೇ ಸಮಯದಲ್ಲಿ ರಥಯಾತ್ರೆಯ ಬಿಸಿ ದೇಶದಲ್ಲಿ ಹರಡಿ, ದಾವಣಗೆರೆ, ಚನ್ನಪಟ್ಟಣ, ರಾಮನಗರ ಮೊದಲಾದೆಡೆ ಕೋಮುಗಲಭೆಗಳು ಭುಗಿಲೆದ್ದವು. ರಾಜ್ಯಕ್ಕೆ ಬಂದುಹೋದ ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ ನಾಯಕತ್ವದ ಬದಲಾವಣೆಯನ್ನು ಸಾರಿದರು. ಅಕ್ಟೋಬರ್ 10ರಂದು ಪಾಟೀಲರ ಆಡಳಿತ ಮುಗಿಯಿತು. ಒಂದು ವಾರ ರಾಷ್ಟ್ರಪತಿ ಆಳ್ವಿಕೆ ನಡೆದು 17ರಂದು ಬಂಗಾರಪ್ಪನವರು ಅಧಿಕಾರ ವಹಿಸಿಕೊಂಡರು.

ಇಲ್ಲಿ ಎರಡು ಪ್ರಶ್ನೆಗಳಿವೆ. ಇವೆರಡನ್ನೂ ಬೆರೆಸದೆ ಬೇರೆ ಬೇರೆಯಾಗಿ ತೂಗುವುದು ವಿವೇಕ. ಗಲಭೆಯಲ್ಲಿ ನಿರಪರಾಧಿಗಳು ಜೀವ ತೆತ್ತಾಗ ಆಳುವವನು ಉತ್ತರದಾಯಿಯೇ? ಹೌದು, ರೋಗಶಯ್ಯೆಯಲ್ಲಿದ್ದರೂ ಆ ಪ್ರಶ್ನೆ ಅವನನ್ನು ಬಿಡದು. ಆದರೆ ಆ ಉತ್ತರವನ್ನು ಕೇಳಬೇಕಾದ ಸ್ಥಳ ಯಾವುದು? ಅದು ವಿಧಾನಸಭೆ, ಅಲ್ಲಿ ಕುಳಿತ ಶಾಸಕರ ಮೂಲಕ ಮತದಾರ. ವಿಮಾನ ಹತ್ತುವ ಮೊದಲಿನ ನಾಲ್ಕು ಮಾತುಗಳಲ್ಲಿ ತೀರ್ಮಾನವಾಗತಕ್ಕ ವಿಷಯ ಅದಾಗಿರಲಿಲ್ಲ. ಜನರು ಅದನ್ನು ಮರೆಯಲೂ ಇಲ್ಲ. 1994ರಲ್ಲಿ ಅದೇ ಪಕ್ಷ 178ರಿಂದ 34ಕ್ಕೆ ಇಳಿದು ಮೂರನೆಯ ಸ್ಥಾನಕ್ಕೆ ಸರಿಯಿತು. ಕಾರಣಗಳು ಹಲವಿದ್ದುವಾದರೂ ಆ ವಿಮಾನ ನಿಲ್ದಾಣದ ಪ್ರಸಂಗವನ್ನು ಪಟ್ಟಿಯಲ್ಲಿ ಸೇರಿಸದ ವಿಶ್ಲೇಷಕರು ವಿರಳ. ಪಾಟೀಲರು 1997ರ ಮಾರ್ಚ್ 14ರಂದು ಕಾಲವಾದರು.

ಈ ಮೂರು ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಮೂಲಪ್ರಶ್ನೆ ಎದ್ದುಬರುತ್ತದೆ: ಶಾಸಕನ ಪೀಠ ಯಾರ ಸೊತ್ತು? ಒಡೆತನಕ್ಕೂ ನಿಕ್ಷೇಪಕ್ಕೂ ಇರುವ ಅಂತರವನ್ನು ತತ್ವಶಾಸ್ತ್ರ ಬಲ್ಲದು. ನಮ್ಮ ಹಳ್ಳಿಯ ಅಜ್ಜಿಯೂ ಬಲ್ಲಳು. ಜಾತ್ರೆಗೆ ಹೊರಟವನು ನೆರೆಯವನ ಕೈಯಲ್ಲಿ ಒಡವೆಯ ಗಂಟನ್ನು ಇಟ್ಟು ಹೋದರೆ, ನೆರೆಯವನು ಅದನ್ನು ಕಾಯಬೇಕು. ಮಾರುವಂತಿಲ್ಲ, ಅಡವಿಡುವಂತಿಲ್ಲ, ಮಗಳ ಮದುವೆಗೆ ಉಡುಗೊರೆಯಾಗಿ ಕೊಡುವಂತಿಲ್ಲ. ಮತವೂ ಅಂತಹ ಗಂಟು. ಅರಿಸ್ಟಾಟಲನು ಪೌರನನ್ನು ಆಳುವುದರಲ್ಲಿಯೂ ಆಳಿಸಿಕೊಳ್ಳುವುದರಲ್ಲಿಯೂ ಪಾಲುಳ್ಳವನೆಂದು ಗುರುತಿಸಿದ. ಗಂಟನ್ನು ಇಟ್ಟವನೇ ಅದನ್ನು ಮರೆತರೆ ಆ ಪಾಲಿಗೆ ಅರ್ಥವೇ ಉಳಿಯದು.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ನಿದರ್ಶನಗಳು ಹೇರಳ. 1980ರಲ್ಲಿ ಕಲಬುರಗಿ ಲೋಕಸಭಾ ಕ್ಷೇತ್ರವನ್ನು ಗೆದ್ದ ಧರ್ಮಸಿಂಗರು, ದೆಹಲಿಯಲ್ಲಿ ವಾಜಪೇಯಿಯವರೆದುರು ಸೋತಿದ್ದ ಕೇರಳದ ಸಿ.ಎಂ. ಸ್ಟೀಫನ್ನರಿಗಾಗಿ ಅದನ್ನು ಬಿಟ್ಟುಕೊಟ್ಟರು. ಕ್ರೈಸ್ತ ಮತದಾರರು ಅತಿ ವಿರಳವಾಗಿದ್ದ ಕಲಬುರಗಿ ಒಬ್ಬ ಕ್ರೈಸ್ತರನ್ನು ಉಪಚುನಾವಣೆಯಲ್ಲಿ ಗೆಲ್ಲಿಸಿ ಕಳುಹಿಸಿತು. ಮತದಾರರ ಈ ಉದಾರತೆ ಮೆಚ್ಚತಕ್ಕದ್ದೇ. ಆದರೆ ಅವರು ಮೊದಲು ಆರಿಸಿದ್ದು ಸ್ಟೀಫನ್ನರನ್ನಲ್ಲ ಎಂಬುದೂ ಅಷ್ಟೇ ಸತ್ಯ.

ಚಿಂಚೋಳಿಗೆ ಮರಳೋಣ. 1994ರಲ್ಲಿಯೂ 2004ರಲ್ಲಿಯೂ ವೈಜನಾಥ ಪಾಟೀಲರು ಇಲ್ಲಿ ಗೆದ್ದರು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಬೇಕೆಂಬ ಹೋರಾಟಕ್ಕೆ ಅವರು ಮುಂದಾಳಾಗಿದ್ದರು. ನಡುವೆ 1999ರಲ್ಲಿ ವೀರೇಂದ್ರ ಪಾಟೀಲರ ಪುತ್ರ ಕೈಲಾಸನಾಥ ಪಾಟೀಲರು ಆರಿಸಿಬಂದರು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಚಿಂಚೋಳಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಆ ಸಲ ಸುನೀಲ ವಲ್ಯಾಪುರೆಯವರು ಗೆದ್ದರು. 2013 ಹಾಗೂ 2018ರಲ್ಲಿ ಡಾ. ಉಮೇಶ ಜಾಧವರು ಕಾಂಗ್ರೆಸ್ಸಿನಿಂದ ಆರಿಸಿಬಂದರು. ಒಂದು ಮುಖ್ಯಮಂತ್ರಿಯ ಮನೆತನದ ಕ್ಷೇತ್ರವೆನಿಸಿದ್ದ ನೆಲದಲ್ಲಿ ಲಂಬಾಣಿ ತಾಂಡಾದ ಮಗನೊಬ್ಬ ಶಾಸಕನಾದುದು ಸಂವಿಧಾನ ತಂದ ಸಾರ್ಥಕ ಬದಲಾವಣೆ.

ಆದರೆ 2019ರ ಮಾರ್ಚಿನಲ್ಲಿ ಜಾಧವರು ಅವಧಿಯ ನಡುವೆಯೇ ರಾಜೀನಾಮೆ ಇತ್ತು ಭಾರತೀಯ ಜನತಾ ಪಕ್ಷ ಸೇರಿದರು. ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನು 95 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಚಿಂಚೋಳಿ ಸೇರಿರುವುದಾದರೋ ಬೀದರ ಲೋಕಸಭಾ ಕ್ಷೇತ್ರಕ್ಕೆ! ಅಂದರೆ ಯಾವ ಮತದಾರರು ಅವರನ್ನು ಐದು ವರ್ಷಗಳಿಗೆ ಆರಿಸಿದ್ದರೋ ಅವರಿಗೆ ಆ ಲೋಕಸಭಾ ಸ್ಪರ್ಧೆಯಲ್ಲಿ ಅವರ ನಡೆಯನ್ನು ಒಪ್ಪುವ ಅಥವಾ ತಿರಸ್ಕರಿಸುವ ಅವಕಾಶವೇ ಇರಲಿಲ್ಲ. ಮೇ 19ರ ಉಪಚುನಾವಣೆಯಲ್ಲಿ ಅವರ ಪುತ್ರ ಡಾ. ಅವಿನಾಶ ಜಾಧವರು ನಿಂತು ಗೆದ್ದರು; 2023ರಲ್ಲಿ ಮತ್ತೆ ಗೆದ್ದರಾದರೂ ಅಂತರ ಸಾವಿರ ಮತಗಳನ್ನೂ ಮುಟ್ಟಲಿಲ್ಲ. 2024ರಲ್ಲಿ ತಂದೆಯವರು ಕಲಬುರಗಿಯಲ್ಲಿ ಸೋತರು. ಉಪಚುನಾವಣೆಯ ತೀರ್ಪು ಜನರದೇ, ಅದನ್ನು ಗೌರವಿಸುತ್ತೇವೆ. ನಮ್ಮ ಪ್ರಶ್ನೆ ಗೆದ್ದವರ ಕುರಿತದ್ದಲ್ಲ, ಪೀಠವನ್ನು ನಡುವೆ ಬಿಟ್ಟೇಳುವ ಪದ್ಧತಿಯ ಕುರಿತದ್ದು. ಪಕ್ಷಾಂತರ ನಿಷೇಧದ ಕಾನೂನು 1985ರಲ್ಲಿಯೇ ಬಂದಿದೆ. ರಾಜೀನಾಮೆಯ ಹಿತ್ತಿಲ ಬಾಗಿಲು ಮಾತ್ರ ತೆರೆದೇ ಇದೆ. ಎಲ್ಲ ಪಕ್ಷಗಳೂ ಅದನ್ನು ಬಳಸಿಕೊಂಡಿವೆ.

ಇದರಲ್ಲಿ ನಮ್ಮ ಕುಟುಂಬಗಳಿಗೇನು ಸಂಬಂಧ ಎಂದು ಯಾರಾದರೂ ಕೇಳಬಹುದು. ನಾವು ಎಷ್ಟು ಜನ, ನಮ್ಮ ಮತದಿಂದ ಏನಾದೀತು ಎಂಬುದು ಪ್ರತಿ ಧರ್ಮಕೇಂದ್ರದಲ್ಲಿ ಕೇಳಿಬರುವ ಮಾತು. 2008ರಲ್ಲಿ ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಧರ್ಮಸಿಂಗರು ಸೋತದ್ದು ನೂರಕ್ಕೂ ಕಡಿಮೆ ಮತಗಳಿಂದ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣರು ಗೆದ್ದದ್ದು ಒಂದೇ ಒಂದು ಮತದಿಂದ. ಒಂದು ಮನೆಯ ಮಂದಿ ಮತಗಟ್ಟೆಗೆ ಹೋಗುವರೋ ಬಿಡುವರೋ ಎಂಬುದರಲ್ಲಿ ಒಂದು ಕ್ಷೇತ್ರದ ಐದು ವರ್ಷ ಅಡಗಿರಬಹುದು.

ಹಾಗಾದರೆ ಯಾರಿಗೆ ಮತ ಹಾಕಬೇಕು ಎಂದು ಗುರುಗಳೇ ಹೇಳಲಿ ಎನ್ನುವವರೂ ಇದ್ದಾರೆ. ಅದಕ್ಕೆ ನಮ್ಮ ಉತ್ತರ ಸ್ಪಷ್ಟ: ಹೇಳುವುದಿಲ್ಲ. ಪಕ್ಷಗಳ ಕಾರ್ಯದಲ್ಲಿ ಗುರುಗಳು ತೊಡಗುವುದನ್ನು ಶ್ರೀಸಭೆಯ ಕಾನೂನು ತಡೆಯುತ್ತದೆ. ಧರ್ಮದ ಹೆಸರಿನಲ್ಲಿ ಮತ ಯಾಚಿಸುವುದನ್ನು 1951ರ ಪ್ರಜಾಪ್ರತಿನಿಧಿ ಕಾಯಿದೆ ಭ್ರಷ್ಟಾಚಾರವೆಂದು ಎಣಿಸುತ್ತದೆ. ಮತದಾರನ ಧರ್ಮವನ್ನು ಮುಂದಿಟ್ಟು ಯಾಚಿಸುವುದೂ ಅದರೊಳಗೆ ಸೇರುತ್ತದೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿದೆ. ಇವೆಲ್ಲಕ್ಕಿಂತ ಮಿಗಿಲಾದ ಕಾರಣವೊಂದಿದೆ. ಪಕ್ಷದ ವರಿಷ್ಠರು ಮತದಾರನ ತೀರ್ಪನ್ನು ಕಸಿದುಕೊಂಡರೆ ತಪ್ಪೆನ್ನುವ ನಾವು, ಪೀಠದ ಮೆಟ್ಟಿಲ ಮೇಲೆ ನಿಂತು ಅದನ್ನೇ ಮಾಡಿದರೆ ಸರಿಯಾದೀತೆ?

ಹೇಳಬಹುದಾದದ್ದು ಇಷ್ಟು. ಹದಿನೆಂಟು ತುಂಬಿದ ಮಕ್ಕಳ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ನೋಡಿರಿ; 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಕ್ಕೆ ಹದಿನೆಂಟಾದವರೆಲ್ಲ ಅರ್ಹರು. ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ಗುಳೆ ಹೋದವರ ಹೆಸರು ಪಟ್ಟಿಯಿಂದ ಬಿದ್ದುಹೋಗಿದೆಯೇ ವಿಚಾರಿಸಿರಿ. ಮತಕ್ಕೆ ಬೆಲೆ ಕಟ್ಟುವವನನ್ನು ಬಾಗಿಲಿನಿಂದಲೇ ಕಳುಹಿಸಿರಿ. ಗಂಟನ್ನು ಮಾರಿದವನಿಗೆ ಮುಂದೆ ಅದರ ಲೆಕ್ಕ ಕೇಳುವ ಬಾಯಿ ಇರದು. ಗೆದ್ದವರು ನಿಮ್ಮ ಊರಿಗೆ ಬಂದಾಗ ಹಾರದ ಜೊತೆಗೆ ಒಂದು ಪ್ರಶ್ನೆಯನ್ನೂ ಸಿದ್ಧವಾಗಿಡಿರಿ: 371ನೆಯ ವಿಧಿಯ ‘ಜೆ’ ಉಪವಿಧಿಯಿಂದ ಈ ಪ್ರದೇಶಕ್ಕೆ ದೊರೆತ ಹುದ್ದೆ, ಅನುದಾನಗಳಲ್ಲಿ ನಮ್ಮ ತಾಲ್ಲೂಕಿಗೆ ಬಂದದ್ದೆಷ್ಟು, ಅದರಿಂದ ಆದದ್ದೇನು?

ಚಿಂಚೋಳಿಯ ಮತದಾರ ಒಬ್ಬ ಮುಖ್ಯಮಂತ್ರಿಯನ್ನು ನಾಡಿಗೆ ಕೊಟ್ಟ. ಆ ಮುಖ್ಯಮಂತ್ರಿಯನ್ನು ಕೆಳಗಿಳಿಸುವಾಗ ಆ ಮತದಾರನನ್ನು ಯಾರೂ ಕೇಳಲಿಲ್ಲ. ಮುಂದೆಯಾದರೂ ಕೇಳಬೇಕಾದರೆ, ಮತ ಹಾಕಿದ ಮರುದಿನ ನಿದ್ದೆಗೆ ಜಾರದ ಮತದಾರರು ಬೇಕು. ಅಂಥವರು ನಮ್ಮ ಮನೆಗಳಿಂದಲೂ ಏಳಲಿ.