ಎರಡನೇ ಕೀ ಯಾರ ಜೇಬಿನಲ್ಲಿದೆ?

ಗಾಂಧಿ ಬಜಾರಿನಲ್ಲಿ ಹೂವು ಸಿಗುತ್ತದೆ, ಹಣ್ಣು ಸಿಗುತ್ತದೆ, ಪೂಜೆ ಸಾಮಾನು ಸಿಗುತ್ತದೆ. ವಿದ್ಯಾರ್ಥಿ ಭವನದ ಮುಂದೆ ತಾಳ್ಮೆಯಿಂದ ಕಾದರೆ ದೋಸೆಯೂ ಸಿಗುತ್ತದೆ. ಆದರೆ ಸೆಕೆಂಡ್‌ಹ್ಯಾಂಡ್ ಕಾರು ಕೊಂಡವನಿಗೆ ಅದರ ಎರಡನೇ ಕೀ ಸಿಗಬೇಕಾದರೆ ಮಾತ್ರ ಏಳು ಕೆರೆ ನೀರು ಕುಡಿಯಬೇಕು.

ಈ ಕಥೆ ಬಸವನಗುಡಿಯ ಯಾವ ಬೀದಿಯಲ್ಲಾದರೂ ನಡೆಯುವಂಥದ್ದು. ನಿವೃತ್ತರೊಬ್ಬರು ಪೆನ್ಷನ್ ದುಡ್ಡಿನಲ್ಲಿ ಹಳೇ ಕಾರು ಕೊಳ್ಳುತ್ತಾರೆ. ಟೈರು ಒದ್ದು ನೋಡುತ್ತಾರೆ, ಬಾನೆಟ್ ಎತ್ತಿ ನೋಡುತ್ತಾರೆ, ರಾಹುಕಾಲ ಕಳೆದ ಮೇಲೆ ಹಣ ಎಣಿಸಿ ಕೊಡುತ್ತಾರೆ. ಕೈಗೆ ಬರುವುದು ಒಂದೇ ಕೀ. ಕೇಳಿದರೆ ದಲ್ಲಾಳಿಯ ಉತ್ತರ ಸಿದ್ಧವಾಗಿರುತ್ತದೆ: ‘ಇನ್ನೊಂದು ಓನರ್ ಮನೇಲಿದೆ ಸಾರ್, ಮುಂದಿನ ವಾರ ತಂದ್‌ಕೊಡ್ತೀನಿ.’ ಆ ಮುಂದಿನ ವಾರ ಬರುವುದೇ ಇಲ್ಲ.

ಯಜಮಾನರು ಫುಟ್‌ಪಾತಿನ ಕೀ ರಿಪೇರಿಯವನ ಹತ್ತಿರ ಹೋಗುತ್ತಾರೆ. ಆತ ಪ್ರಾಮಾಣಿಕನಾದರೆ ಹೇಳುತ್ತಾನೆ: ‘ಕಬ್ಬಿಣ ಕಟ್ ಮಾಡಿ ಕೊಡ್ತೀನಿ ಯಜಮಾನ್ರೇ, ಬಾಗ್ಲು ತೆಗೆಯುತ್ತೆ. ಇಂಜಿನ್ ಸ್ಟಾರ್ಟ್ ಆಗಲ್ಲ.’

ಯಾಕೆ ಆಗಲ್ಲ? ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಕೀ ಎಂದರೆ ಬರೀ ಲೋಹದ ಹಲ್ಲು. ಈಗ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದೊಂದು ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಕೀ ತೂತಿನ ಸುತ್ತ ಇರುವ ತಂತಿ ಸುರುಳಿ ಅದಕ್ಕೆ ಶಕ್ತಿ ಕೊಡುತ್ತದೆ. ಚಿಪ್ ತನ್ನ ಗುರುತು ಹೇಳುತ್ತದೆ, ಗಾಡಿಯ ಕಂಪ್ಯೂಟರ್ ತನ್ನ ಪಟ್ಟಿಯಲ್ಲಿ ಆ ಗುರುತು ಇದೆಯೇ ಎಂದು ನೋಡುತ್ತದೆ. ಇದ್ದರೆ ಸರಿ, ಇಲ್ಲದಿದ್ದರೆ ಇಂಜಿನ್ ಮುಷ್ಕರ ಹೂಡುತ್ತದೆ. ಹೊಸ ಕೀಯ ಗುರುತನ್ನು ಆ ಪಟ್ಟಿಗೆ ಸೇರಿಸುವುದಕ್ಕೇ ‘ಪ್ರೋಗ್ರಾಮಿಂಗ್’ ಎನ್ನುತ್ತಾರೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಯಂತ್ರ ಸಿಕ್ಕಿಸಿ ಮಾಡುವ ಕೆಲಸ ಅದು. ಬಾಗಿಲು ತೆಗೆಯುವ ರಿಮೋಟ್ ಬೇರೆ, ಈ ಚಿಪ್ ಬೇರೆ. ರಿಮೋಟಿನ ಸೆಲ್ ಮುಗಿದರೂ ಸಾಮಾನ್ಯವಾಗಿ ಇಂಜಿನ್ ಹೊರಡುವುದು ಇದಕ್ಕೇ.

ಈ ವ್ಯವಸ್ಥೆ ಸುಮ್ಮನೆ ಬಂದದ್ದಲ್ಲ. ಯೂರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ಅಮೆರಿಕದಲ್ಲಿ ಕಡ್ಡಾಯ ಮಾಡಲಿಲ್ಲ. ಅದರ ಫಲವನ್ನು 2021-22ರಲ್ಲಿ ಅವರು ಉಂಡರು. ಚಿಪ್ ಇಲ್ಲದ ಕಿಯಾ, ಹ್ಯುಂಡೈ ಕಾರುಗಳನ್ನು ಅಲ್ಲಿನ ಹುಡುಗರು ಬೀದಿ ಬೀದಿಯಲ್ಲಿ ಹಾರಿಸಿಕೊಂಡು ಹೋದರು. ಆದ್ದರಿಂದ ಚಿಪ್ ಬೇಡ ಎನ್ನುವಂತಿಲ್ಲ.

ಆದರೆ ಬೀಗ ಎಷ್ಟು ಭದ್ರವಾದರೇನು, ಎರಡನೇ ಕೀ ಯಾರ ಜೇಬಿನಲ್ಲಿದೆ ಎಂಬುದೇ ಗೊತ್ತಿಲ್ಲದಿದ್ದರೆ? ಹಳೇ ಮಾಲೀಕನ ಮಗನ ಹತ್ತಿರವೋ, ದಲ್ಲಾಳಿಯ ಡ್ರಾಯರಿನಲ್ಲೋ, ಗ್ಯಾರೇಜಿನ ಮೊಳೆಯ ಮೇಲೋ? ಆ ಕೀ ಇರುವವನಿಗೆ ಕಾರು ಕದಿಯಲು ಕಳ್ಳವಿದ್ಯೆ ಬೇಕಿಲ್ಲ. ತಿರುಗಿಸಿದರೆ ಸಾಕು. ಕಾರು ಕಳುವಾದ ಮೇಲೆ ವಿಮೆ ಕಂಪನಿಯವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: ‘ಎರಡೂ ಕೀ ಎಲ್ಲಿ?’ ಪೆನ್ಷನ್ ಯಜಮಾನರು ಆಗ ಏನು ತೋರಿಸಬೇಕು, ದಲ್ಲಾಳಿಯ ವಿಸಿಟಿಂಗ್ ಕಾರ್ಡನ್ನೇ?

ಸರಿ, ಕಂಪನಿ ಶೋರೂಮಿಗೇ ಹೋಗೋಣ ಎಂದರೆ ಅಲ್ಲಿ ‘ಆರ್.ಸಿ. ನಿಮ್ಮ ಹೆಸರಲ್ಲಿದೆಯಾ?’ ಎನ್ನುತ್ತಾರೆ. ಕೇಳುವುದು ನ್ಯಾಯವೇ. ಕಂಡವರಿಗೆಲ್ಲ ಕೀ ಮಾಡಿಕೊಟ್ಟರೆ ಗತಿಯೇನು? ತಪ್ಪು ಇರುವುದು ಆರ್.ಸಿ.ಯನ್ನು ವರ್ಗಾಯಿಸದೆ ಕೂರುವ ನಮ್ಮ ಸೋಮಾರಿತನದಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮು ಸ್ಪಷ್ಟವಾಗಿದೆ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ತಿಳಿಸಬೇಕು. ಫಾರಂ 29, ಫಾರಂ 30 ಇರುವುದು ಇದಕ್ಕೇ. ಹೆಸರು ಬದಲಾಗುವ ತನಕ ಆರ್.ಸಿ.ಯಲ್ಲಿ ಇರುವವನೇ ಅಪಘಾತಕ್ಕೂ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿಯೂ ಆಗಿದೆ. ಆದರೂ ಸಹಿ ಹಾಕಿದ ಖಾಲಿ ಫಾರಂಗಳು ದಲ್ಲಾಳಿಗಳ ಬ್ಯಾಗಿನಲ್ಲಿ ಊರು ಸುತ್ತುತ್ತಲೇ ಇವೆ.

ಶೋರೂಮಿನ ಬೆಲೆ ಕೇಳಿ ಬೆವರಿದವನು ಕೊನೆಗೆ ಯಂತ್ರ ಇಟ್ಟುಕೊಂಡ ಖಾಸಗಿ ಕೀ ಅಂಗಡಿಗೆ ಹೋಗುತ್ತಾನೆ. ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುವವರಿಗೆ ಬರವಿಲ್ಲ. ಇವರಲ್ಲಿ ಒಳ್ಳೇ ಕಸುಬುದಾರರಿದ್ದಾರೆ. ಕಾಗದ ನೋಡಿಯೇ ಕೆಲಸ ಹಿಡಿಯುವವರೂ ಇದ್ದಾರೆ. ‘ದುಡ್ಡು ಕೊಡಿ, ಪೇಪರ್ ಯಾಕೆ ಸಾರ್’ ಎನ್ನುವವರೂ ಇದ್ದಾರೆ. ಈ ಎರಡನೇ ಜಾತಿಯವನು ಇಂದು ನಿಮಗೆ ಮಾಡಿಕೊಟ್ಟ ಉಪಕಾರವನ್ನೇ ನಾಳೆ ಕಳ್ಳನಿಗೂ ಮಾಡುತ್ತಾನೆ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಇದನ್ನು ನೆನಪಿಡಬೇಕು.

ಹಾಗೆಂದು ಪೊಲೀಸರು ಲಾಠಿ ಹಿಡಿದು ಫುಟ್‌ಪಾತಿನ ಕೀ ರಿಪೇರಿಯವರ ಪೆಟ್ಟಿಗೆ ಎತ್ತಿಕೊಂಡು ಹೋದರೆ ಪ್ರಯೋಜನವಿಲ್ಲ. ಅರ ಹಿಡಿದು ಹೊಟ್ಟೆ ಹೊರೆಯುವ ಬಡಪಾಯಿಗೂ ಪ್ರೋಗ್ರಾಮಿಂಗಿಗೂ ಸಂಬಂಧವಿಲ್ಲ. ಬೇಕಾಗಿರುವುದು ಒಂದು ಪುಸ್ತಕ. ಚಿಪ್ ಕೀ ಮಾಡುವ ಪ್ರತಿ ಅಂಗಡಿಯಲ್ಲೂ ಗಾಡಿ ನಂಬರು, ಆರ್.ಸಿ. ನಕಲು, ತಂದವರ ಗುರುತಿನ ಚೀಟಿ ದಾಖಲಾಗಲಿ. ಠಾಣೆಯವರು ಆಗಾಗ ಅದನ್ನು ನೋಡಲಿ. ಒಳ್ಳೇ ಕಸುಬುದಾರನಿಗೂ ಇದೇ ರಕ್ಷಣೆ.

ಇನ್ನು ಮಾರುವವರ ವಿಷಯ. ಹಳೇ ಗಾಡಿಗಳ ವ್ಯಾಪಾರಿಗಳು ಆರ್.ಟಿ.ಓ. ಅಧಿಕಾರಪತ್ರ ಪಡೆಯಬೇಕೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮ ತಂದಿತು, 2023ರ ಏಪ್ರಿಲ್ 1ರಿಂದ ಜಾರಿಯೂ ಆಯಿತು. ಅಂಥ ವ್ಯಾಪಾರಿಗಳ ರಸೀದಿಯಲ್ಲಿ ‘ಎಷ್ಟು ಕೀ ಕೊಟ್ಟಿದೆ’ ಎಂಬ ಒಂದು ಸಾಲು ಸೇರಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಕೊಳ್ಳುವವರೂ ಕಣ್ಣು ಮುಚ್ಚಬಾರದು. ಹಣ ಎಣಿಸುವ ಮುಂಚೆಯೇ ಎರಡೂ ಕೀ ಕೇಳಬೇಕು. ಹೊಸ ಗಾಡಿಯ ಜೊತೆ ಬಂದಿದ್ದ ಕೀ ನಂಬರಿನ ಪುಟ್ಟ ಬಿಲ್ಲೆ ಇದ್ದರೆ ಅದನ್ನೂ ಕೇಳಬೇಕು. ಒಂದೇ ಕೀ ಇದ್ದರೆ ಬೆಲೆ ಇಳಿಸಬೇಕು, ‘ಒಂದೇ ಕೀ’ ಎಂದು ಬರೆಸಿಕೊಳ್ಳಬೇಕು. ಪ್ರೋಗ್ರಾಮಿಂಗ್ ಮಾಡಿಸುವಾಗ ಹೊಸ ಕೀ ಸೇರಿಸಿ ಸುಮ್ಮನಾಗದೆ, ಹಳೇ ಗುರುತುಗಳನ್ನೆಲ್ಲ ಅಳಿಸಿ ಕೈಯಲ್ಲಿರುವ ಕೀಗಳನ್ನು ಮಾತ್ರ ಉಳಿಸಲು ಹೇಳಬೇಕು. ಪಟ್ಟಿಯಲ್ಲಿ ಎಷ್ಟು ಕೀ ಇವೆ ಎಂಬುದನ್ನೂ ಬಹಳ ಗಾಡಿಗಳಲ್ಲಿ ಯಂತ್ರವೇ ತೋರಿಸುತ್ತದೆ. ಇದ್ದೊಂದು ಕೀಯೂ ಕಳೆದುಹೋದ ಮೇಲೆ ಓಡಾಡಿದರೆ ಖರ್ಚೂ ಹೆಚ್ಚು, ತಾಪತ್ರಯವೂ ಹೆಚ್ಚು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮ್ಮ ಹಳೇ ಚಾಳಿ. ಈ ಸಲ ಬಾಗಿಲು ಹಾಕುವ ಮಾತು ಆಮೇಲಿನದು. ಅದರ ಕೀ ಎಷ್ಟಿವೆ, ಯಾರ ಹತ್ತಿರ ಇವೆ ಎಂದಾದರೂ ಸಂಬಂಧಪಟ್ಟವರು ಈಗಲೇ ಎಣಿಸುವರೇ?