ಬಾಯಲ್ಲಿ ಲಾಭ, ಕಿರ್ದಿಯಲ್ಲಿ ನಿಜ

ಅಂಗಡಿಕಟ್ಟೆಯಿಂದ



ನಮ್ಮ ಜತ್ತ, ಅಕ್ಕಲಕೋಟ, ಸೊಲ್ಲಾಪುರದ ಕಡೆ ಕಾಳಿನ ಅಂಗಡಿಗಳಲ್ಲಿ ಸೇರಿನಿಂದ ಜೋಳ ಅಳೆಯುತ್ತಿದ್ದ ಕಾಲವನ್ನು ಕಂಡವರಿಗೆ ಒಂದು ಮಾತು ನೆನಪಿದ್ದೀತು. ಮೊದಲನೆಯ ಸೇರು ಹಾಕುವಾಗ ಅಳೆಯುವವನು "ಒಂದು" ಎನ್ನುತ್ತಿರಲಿಲ್ಲ. "ಲಾಭ" ಎನ್ನುತ್ತಿದ್ದ. ಆಮೇಲೆ ಎರಡು, ಮೂರು, ನಾಲ್ಕು. ಗಿರಾಕಿ ಕನ್ನಡದವನಿರಲಿ, ಮರಾಠಿಯವನಿರಲಿ, ಎಣಿಕೆ ಲಾಭದಿಂದಲೇ ಶುರು. ಈಗ ಸೇರು ಹೋಗಿ ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ಗಿರಾಕಿ ಮೊಬೈಲಿನಿಂದ ಹಣ ಹಾಕಿದ ಕೂಡಲೇ ಗಲ್ಲೆಯ ಪಕ್ಕದ ಡಬ್ಬಿ ತಾನೇ ಕೂಗಿ ಇಷ್ಟು ರೂಪಾಯಿ ಬಂತು ಎಂದು ಹೇಳುತ್ತದೆ. ಪಾಪ, ಅದಕ್ಕೆ "ಲಾಭ" ಎನ್ನಲು ಬರುವುದಿಲ್ಲ.

ಇಂಥ ಮಾತುಗಳು ನಮ್ಮ ಮನೆಗಳಲ್ಲಿ ಇನ್ನೂ ಬಹಳ ಇವೆ. ಅಂಗಡಿ "ಮುಚ್ಚು" ಎನ್ನಬಾರದು, "ಬಾಗಿಲಾ ಮುಂದ ಮಾಡು" ಎನ್ನಬೇಕು. ದೀಪ "ಆರಿಸು" ಎನ್ನಬಾರದು, "ದೊಡ್ಡದು ಮಾಡು" ಎನ್ನಬೇಕು. ಬಳೆ ಒಡೆದರೆ "ಹೆಚ್ಚಾದವು" ಎನ್ನಬೇಕು. ಡಬ್ಬಿಯಲ್ಲಿ ಉಪ್ಪು ತೀರಿದ್ದರೆ ಸೊಸೆ "ಉಪ್ಪಿಲ್ಲ" ಎನ್ನುವುದಿಲ್ಲ, "ಉಪ್ಪು ತರಬೇಕ್ರಿ" ಎನ್ನುತ್ತಾಳೆ. ಮನೆಯಿಂದ ಹೊರಡುವವರು "ಹೋಗ್ತೀನಿ" ಎನ್ನುವುದಿಲ್ಲ, "ಹೋಗಿ ಬರ್ತೀನಿ" ಎನ್ನುತ್ತಾರೆ. ನಮ್ಮ ಮರಾಠಿ ನೆರೆಯವರೂ ಅಂಗಡಿ ಮುಚ್ಚುವುದಕ್ಕೆ "ವಾಢವಣೆ", ಅಂದರೆ ಹೆಚ್ಚಿಸುವುದು, ಎಂದೇ ಹೇಳುತ್ತಾರೆ. ಭಾಷೆ ಎರಡಾದರೂ ನಂಬಿಕೆ ಒಂದೇ.

ಕೆಲವು ತಿಂಗಳ ಹಿಂದೆ ಬಸದಿಯ ಪಾಠಶಾಲೆಯಲ್ಲಿ ಹತ್ತನೆಯ ಇಯತ್ತೆಯ ಒಬ್ಬ ಹುಡುಗಿ ನನ್ನನ್ನು ಕೇಳಿದಳು: "ಅಜ್ಜಾ, ಅಂಗಡ್ಯಾಗ ಜ್ವಾಳ ಖಾಲಿ ಆಗಿದ್ರ ನೀವು 'ಹೆಚ್ಚಾಗ್ಯಾವ' ಅಂತೀರಿ. ಅದು ಸುಳ್ಳಲ್ಲೇನ್ರಿ? ಸತ್ಯಾಣುವ್ರತ ಇದ್ದವರು ಹಂಗ ಅನಬಹುದೇನು?"

ಹುಡುಗಿಯ ಪ್ರಶ್ನೆ ಚಲೋ ಪ್ರಶ್ನೆ. ಮ್ಯಾಟ್ರಿಕ್ ಓದಿದ ನನ್ನಂಥ ವ್ಯಾಪಾರಿಗೆ ತಿಳಿದಷ್ಟನ್ನು ಹೇಳುತ್ತೇನೆ.

ಸುಳ್ಳು ಎಂದರೆ ಕೇಳಿದವನನ್ನು ಮೋಸಗೊಳಿಸಲು ಆಡಿದ ಮಾತು. "ಜ್ವಾಳ ಹೆಚ್ಚಾಗ್ಯಾವ" ಎಂದು ಕೇಳಿದ ಗಿರಾಕಿ ಚೀಲ ಹಿಡಿದುಕೊಂಡು ನಿಲ್ಲುವುದಿಲ್ಲ, ಮುಂದಿನ ಅಂಗಡಿಗೆ ಹೋಗುತ್ತಾನೆ. ಅವನಿಗೆ ನಿಜ ತಿಳಿಯಿತು, ಕಿವಿಗೆ ಕೆಟ್ಟದ್ದು ಮಾತ್ರ ಬೀಳಲಿಲ್ಲ. ಹಿತವಾಗಿ, ಮಿತವಾಗಿ, ಪ್ರಿಯವಾಗಿ ನುಡಿಯಬೇಕೆಂದು ನಮ್ಮ ಮುನಿಗಳು ಹೇಳುವುದೂ ಇದನ್ನೇ. ಸತ್ಯಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನೋಡಿರಿ. ಅವುಗಳಲ್ಲಿ ಎರಡು ನೇರವಾಗಿ ಅಂಗಡಿಕಾರನಿಗೇ ಬರೆದ ಹಾಗಿವೆ. ಒಂದು ಕೂಟಲೇಖ, ಅಂದರೆ ಸುಳ್ಳು ಲೆಕ್ಕಪತ್ರ ಬರೆಯುವುದು. ಇನ್ನೊಂದು ನ್ಯಾಸಾಪಹಾರ, ಅಂದರೆ ನಂಬಿ ಇಟ್ಟ ಠೇವು ಹಣವನ್ನು ನುಂಗುವುದು. ಅಚೌರ್ಯವ್ರತದ ಅತಿಚಾರಗಳಲ್ಲಿ ಅಳತೆ-ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಮಾಲಿನಲ್ಲಿ ಕೆಟ್ಟದ್ದು ಬೆರೆಸುವುದು ಬರುತ್ತವೆ. ಸೇರನ್ನು "ಲಾಭ" ಎಂದು ಕರೆದರೆ ದೋಷವಿಲ್ಲ. ಲಾಭ ಎನ್ನುತ್ತ ಸೇರನ್ನು ಕೊರತೆಯಾಗಿ ಅಳೆದರೆ ದೋಷ.

ಆದ್ದರಿಂದ ನಾನು ಹುಡುಗಿಗೆ ಹೇಳಿದ್ದು ಇಷ್ಟೇ: "ಬಾಯಾಗ ಲಾಭ ಇರಲಿ ತಂಗಿ, ಕಿರ್ದ್ಯಾಗ ನಿಜ ಇರಬೇಕು."

ಈ ಎರಡೂ ಒಟ್ಟಿಗೆ ಇರಬೇಕು. ಪೇಟೆಯಲ್ಲಿ ನಾಲ್ವತ್ತು ವರ್ಷ ಕುಳಿತು ನಾನು ಎರಡು ಬಗೆಯ ಜನರನ್ನು ನೋಡಿದ್ದೇನೆ. ಒಬ್ಬನಿಗೆ ಸದಾ ಅಳುವ ಬಾಯಿ. ಮಳೆ ಬಂದರೆ ಹೆಚ್ಚಾಯಿತು, ಬಾರದಿದ್ದರೆ ಮುಳುಗಿದೆವು. ಅವನ ಕಟ್ಟೆಯ ಮೇಲೆ ಯಾರೂ ಐದು ನಿಮಿಷ ಕೂಡುವುದಿಲ್ಲ. ಇನ್ನೊಬ್ಬನಿಗೆ ಸದಾ ನಗುವ ಬಾಯಿ. "ಹ್ಯಾಂಗ ನಡದೈತಿ?" ಎಂದರೆ "ಎಲ್ಲಾ ಚಲೋ ಐತ್ರಿ" ಎನ್ನುತ್ತಾನೆ, ಆದರೆ ಒಂದು ಸಾಲ ತೀರಿಸಲು ಇನ್ನೊಂದು ಸಾಲ ತರುತ್ತಿರುತ್ತಾನೆ. ಕಿರ್ದಿ ತೆರೆಯಲು ಹೆದರುತ್ತಾನೆ. ಮೊದಲನೆಯವನಿಗೆ ಭರವಸೆ ಇಲ್ಲ. ಎರಡನೆಯವನಲ್ಲಿ ಇರುವುದೂ ಭರವಸೆಯಲ್ಲ, ಕಣ್ಣು ಮುಚ್ಚಿಕೊಂಡು ನಡೆಯುವುದು.

ಹಾಗಾದರೆ ಜೈನನ ಭರವಸೆ ಎಲ್ಲಿಂದ ಬರಬೇಕು? ಉಳಿದ ಮತಗಳವರು ದೇವರು ಕೊಡುತ್ತಾನೆ ಎನ್ನುತ್ತಾರೆ, ಅದು ಅವರ ಶ್ರದ್ಧೆ. ನಮ್ಮ ಜಿನೇಶ್ವರರು ವೀತರಾಗರು. ಅಭಿಷೇಕ ಮಾಡಿದವನಿಗೆ ಮಳೆ ಕೊಡುವುದಿಲ್ಲ, ಮಾಡದವನ ಬೆಳೆ ಒಣಗಿಸುವುದಿಲ್ಲ. ದೀಪಾವಳಿಯಲ್ಲಿ ನಾವು ಹೊಸ ವಹಿಗೆ ಪೂಜೆ ಮಾಡಿ "ಶುಭ" "ಲಾಭ" ಎಂದು ಬರೆಯುತ್ತೇವೆ. ಅದು ಮಹಾವೀರ ಸ್ವಾಮಿಯ ನಿರ್ವಾಣದ ಹಬ್ಬ, ಅಲ್ಲಿಂದಲೇ ವೀರನಿರ್ವಾಣ ಸಂವತ್ಸರ ಶುರು. ಎಲ್ಲವನ್ನೂ ಬಿಟ್ಟುಹೋದ ಮಹಾತ್ಮನ ದಿನದಂದು ನಾವು ಲಾಭ ಬರೆಯುವುದು ನಗೆಯ ಮಾತು ಎನಿಸಬಹುದು. ಆದರೆ ಶುಭ ಮೊದಲು, ಲಾಭ ಆಮೇಲೆ ಎಂಬ ಕ್ರಮ ನೆನಪಿಟ್ಟರೆ ಸಾಕು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದು ನಿಃಶಂಕಿತ, ಎರಡನೆಯದು ನಿಃಕಾಂಕ್ಷಿತ. ಸಂಶಯ ಬೇಡ, ಪ್ರತಿಫಲದ ಆಸೆಯೂ ಬೇಡ. ಆಸೆ ಇಲ್ಲದ ನಂಬಿಕೆ ಹೇಗಿರುತ್ತದೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ, ನಮ್ಮ ಎರಿ ಹೊಲಕ್ಕೆ ಹೋದರೆ ಸಾಕು.

ನಮ್ಮ ಸೀಮೆಯ ಹಿಂಗಾರಿ ಜೋಳವನ್ನು ನೋಡಿರಿ. ಬೇರೆ ಕಡೆ ಮಳೆ ಶುರುವಾಗುವಾಗ ಬಿತ್ತುತ್ತಾರೆ, ನಾವು ಮಳೆ ಮುಗಿಯುವಾಗ ಬಿತ್ತುತ್ತೇವೆ. ಉತ್ತರಿ, ಹಸ್ತ ಮಳೆಯ ಹಸಿಯಲ್ಲಿ ಕೂರಿಗೆ ಹೂಡಿದರೆ, ಆಮೇಲೆ ಫೆಬ್ರುವರಿ-ಮಾರ್ಚಿನ ಸುಗ್ಗಿಯವರೆಗೆ ಮಳೆಯ ಹಂಗಿಲ್ಲ. ಕರಿ ಮಣ್ಣು ಒಳಗೆ ಹಿಡಿದಿಟ್ಟ ಹಸಿ, ಮೇಲೆ ಚಳಿ ಮತ್ತು ಇಬ್ಬನಿ, ಇಷ್ಟರಲ್ಲೇ ಆಳೆತ್ತರದ ಬೆಳೆ ಬರುತ್ತದೆ. ಮಂಗಳವೇಢೆಯ ಮಾಲದಂಡಿ ಜೋಳ ಹೀಗೇ ಬೆಳೆದು ಹೆಸರಾದದ್ದು, 2016ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇಲ್ಲಿ ರೈತ ಆಕಾಶ ನೋಡುತ್ತ ಕೂಡುವುದಿಲ್ಲ. ಮುಂಗಾರಿನಲ್ಲಿ ಹೊಲ ಹರಗಿ ಮಳೆಯ ನೀರನ್ನು ಒಳಗಿಳಿಸಿರುತ್ತಾನೆ. ಬೆಳೆ ನಿಂತ ಮೇಲೆ ಎಡೆ ಹೊಡೆದು ಮಣ್ಣಿನ ಬಿರುಕು ಮುಚ್ಚುತ್ತಾನೆ. ಬಿರುಕು ಬಿಟ್ಟರೆ ಒಳಗಿನ ಹಸಿ ಆರಿಹೋಗುತ್ತದೆ.

ಧರ್ಮಶ್ರದ್ಧೆಯೂ ಹೀಗೆಯೇ. ಕಷ್ಟ ಬಂದ ದಿನ ಬಸದಿಗೆ ಓಡಿದರೆ ಬೇಸಿಗೆಯಲ್ಲಿ ಬಿತ್ತಿದಂತೆ. ಸುಖದ ದಿನಗಳಲ್ಲಿ ಮಾಡಿದ ಸಾಮಾಯಿಕ, ಸ್ವಾಧ್ಯಾಯ, ದಾನ, ಪರೋಪಕಾರ ಇವೇ ಒಳಗಿನ ಹಸಿ. ಮಳೆ ನಿಂತ ಮೇಲೆ ಅದೇ ನಮ್ಮನ್ನು ನಿಲ್ಲಿಸುತ್ತದೆ.

1972ರ ಬರಗಾಲದಲ್ಲಿ ನಾನು ಹನ್ನೆರಡು ವರ್ಷದ ಹುಡುಗ. ಜೋಳ ಬೆಳೆಯುವ ನಾಡಿನ ಜನ ಪರದೇಶದಿಂದ ಬಂದ ಕೆಂಪು ಮೈಲೋ ಜೋಳದ ರೊಟ್ಟಿ ತಿಂದರು. ಹೊಲವಿದ್ದ ರೈತರೇ ಸರಕಾರಿ ಕಾಮಗಾರಿಯಲ್ಲಿ ಖಡಿ ಒಡೆದರು, ಅಲ್ಲಿ ಮಕ್ಕಳಿಗೆ ಸುಕಡಿ ಹಂಚುತ್ತಿದ್ದರು. ನಮ್ಮ ಅಂಗಡಿಯ ಉದ್ರಿ ವಹಿ ಆ ವರ್ಷ ದಪ್ಪವಾಗುತ್ತ ಹೋಯಿತು. ನಮ್ಮ ಅಜ್ಜ ಒಂದೇ ಮಾತು ಹೇಳುತ್ತಿದ್ದ: "ಬರ ಹೋಗತೈತಿ, ಗಿರಾಕಿ ಇರತಾನ." ಅವನು ಎಲ್ಲರಿಗೂ ಕೇಳಿದಷ್ಟು ಕೊಟ್ಟನೆಂದಲ್ಲ. ಮನೆಯಲ್ಲಿ ಎಷ್ಟು ಬಾಯಿ ಎಂದು ಕೇಳಿ ಅದಕ್ಕೆ ತಕ್ಕಂತೆ ಕೊಡುತ್ತಿದ್ದ, ಒಂದು ಪಾವು ಕೊಟ್ಟರೂ ಬರೆಯುತ್ತಿದ್ದ. ಆ ಬರಗಾಲದ ಪಾಠದಿಂದಲೇ ಮಹಾರಾಷ್ಟ್ರದಲ್ಲಿ ರೋಜಗಾರ ಹಮಿ ಕಾಯದೆ 1977ರಲ್ಲಿ ಬಂತು. ಕಷ್ಟ ಕಂಡವರು ಮುಂದಿನವರಿಗಾಗಿ ಏನಾದರೂ ಮಾಡಿಟ್ಟು ಹೋದರು ಎಂಬುದೇ ದೊಡ್ಡ ಸಮಾಧಾನ.

2016ರ ಏಪ್ರಿಲ್‌ದಲ್ಲಿ ಮಿರಜದಿಂದ ಲಾತೂರಿಗೆ ನೀರಿನ ರೈಲು ಹೋಯಿತು. ಮೊದಲ ರೈಲಿನಲ್ಲಿ 10 ವ್ಯಾಗನ್, 5 ಲಕ್ಷ ಲೀಟರ್ ನೀರು. ಆ ಹಳಿ ನಮ್ಮ ಜತ್ತ ರೋಡ್ ಸ್ಟೇಶನ್ನಿನ ಮೇಲೆಯೇ ಹೋಗುತ್ತದೆ. ನಮ್ಮ ತಾಲೂಕಿನ ಹಳ್ಳಿಗಳೂ ಅಂದು ಟ್ಯಾಂಕರಿಗಾಗಿ ಕಾಯುತ್ತಿದ್ದವು. ಆದರೂ "ಅಲ್ಲಿಯವರಿಗೆ ನಮಗಿಂತ ಕಷ್ಟ ಐತಿ, ಹೋಗಲಿ" ಎಂದ ಮುದುಕರನ್ನು ನಾನು ಕಟ್ಟೆಯ ಮೇಲೆ ಕೇಳಿದ್ದೇನೆ. ತನಗೇ ನೀರಡಿಕೆಯಿದ್ದಾಗ ಇನ್ನೊಬ್ಬನ ನೀರಡಿಕೆ ಕಾಣುವುದೇ ವಾತ್ಸಲ್ಯ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಶುಭದ ಮಾತು ಕೆಲವು ಸಲ ಪರದೆಯಾಗುತ್ತದೆ, ಅದರ ಹಿಂದೆ ಏನಿದೆ ಎಂದು ನೋಡುವ ಕಣ್ಣು ನಮಗಿರಬೇಕು.

ನಮ್ಮ ಗಿರಾಕಿ ಮನೆತನದ ಒಬ್ಬ ತರುಣ ದಾಳಿಂಬೆ ಹಚ್ಚಿದ್ದ. ತೇಲ್ಯಾ ರೋಗ ಬಿದ್ದು ತೋಟ ಹೋಯಿತು. ಮೂರು ತಿಂಗಳು ಅಂಗಡಿಗೆ ಬರಲಿಲ್ಲ. ಒಂದು ಸಂಜೆ ಬಂದು ನನ್ನ ಉದ್ರಿಯಲ್ಲಿ ಇನ್ನೂರು ರೂಪಾಯಿ ಜಮಾ ಮಾಡಿ, ನಗುತ್ತಲೇ ಹೇಳಿದ: "ಕಾಕಾ, ಜ್ವಾಳ ಹೆಚ್ಚಾಗ್ಯಾವ ಅಂತೀರಲ್ಲ, ಹಂಗ ನಂದೂ ಹೆಚ್ಚಾತು ಅಂತ ತಿಳಕೋರಿ." ನಗುವ ಮಾತಿಗೆ ನಗುವುದು ಪೇಟೆಯ ರೂಢಿ. ಆದರೆ ಇಂಥ ಮಾತು ಕೇಳಿದಾಗ ನಗಬಾರದು. ಕೈಹಿಡಿದು ಒಳಗೆ ಕೂಡಿಸಿದೆ. ಚಹಾ ತರಿಸಿ ನೇರವಾಗಿಯೇ ಕೇಳಿದೆ: "ಜೀವಕ್ಕೇನರ ಮಾಡಕೋಬೇಕಂತ ಮಾಡೀಯೇನು?" ಅವನು ಅತ್ತ. ಅಂದು ಅವನನ್ನು ಒಬ್ಬನೇ ಮನೆಗೆ ಕಳಿಸಲಿಲ್ಲ, ನನ್ನ ಮಗ ಜೊತೆಗೆ ಹೋದ.

ಮರುದಿನ ಅವನ ಹೆಂಡತಿಯನ್ನೂ ಕರೆಸಿ ಒಂದು ಹಾಳೆಯ ಮೇಲೆ ಎಲ್ಲ ಸಾಲ ಬರೆದೆವು. ಬ್ಯಾಂಕು, ಸೊಸಾಯಿಟಿ, ಔಷಧದ ಅಂಗಡಿ, ಖಾಸಗಿ ಬಡ್ಡಿ, ನನ್ನ ಉದ್ರಿ. ಮೊತ್ತ ಅವನು ಮನೆಯಲ್ಲಿ ಹೇಳಿದ್ದಕ್ಕಿಂತ ದೊಡ್ಡದಿತ್ತು, ಆದರೆ ರಾತ್ರಿ ನಿದ್ದೆಗೆಟ್ಟು ಹೆದರಿಕೊಂಡದ್ದಕ್ಕಿಂತ ಸಣ್ಣದಿತ್ತು. ಹೆಚ್ಚು ಬಡ್ಡಿಯದು ಮೊದಲು, ಬ್ಯಾಂಕಿಗೆ ಹೋಗಿ ಕಂತು ಬದಲಿಸಿಕೊಡಲು ಕೇಳುವುದು, ನನ್ನದು ಎಲ್ಲಕ್ಕೂ ಕೊನೆಗೆ ಎಂದು ಕ್ರಮ ಹಾಕಿದೆವು. ಗಿಡ ಕಿತ್ತು ಎರಡು ಎಕರೆ ಜೋಳ ಬಿತ್ತಿದ. ಸಾಲ ಇನ್ನೂ ಮುಗಿದಿಲ್ಲ. ಆದರೆ ಲೆಕ್ಕ ಗಂಡ-ಹೆಂಡತಿ ಇಬ್ಬರ ಕೈಯಲ್ಲೂ ಇದೆ.

ಸಮ್ಯಗ್ದರ್ಶನದ ಐದನೆಯ ಅಂಗ ಉಪಗೂಹನ, ಆರನೆಯದು ಸ್ಥಿತಿಕರಣ. ಇನ್ನೊಬ್ಬರ ಕುಂದನ್ನು ಮೊದಲು ಮುಚ್ಚಬೇಕು, ಆಮೇಲೆ ಜಾರುವವನನ್ನು ಹಿಡಿದು ನಿಲ್ಲಿಸಬೇಕು. ಸ್ಥಿತಿಕರಣಕ್ಕೆ ಶ್ರೇಣಿಕ ಮಹಾರಾಜನ ಮಗ ವಾರಿಷೇಣ ಮುನಿಗಳ ಕಥೆ ಹೇಳುತ್ತಾರೆ. ದೀಕ್ಷೆ ಪಡೆದ ಗೆಳೆಯ ಪುಷ್ಪದಾಲನ ಮನಸ್ಸು ಮನೆಯ ಕಡೆ ಎಳೆಯುತ್ತಿತ್ತು. ವಾರಿಷೇಣರು ಅವನನ್ನು ಬೈಯಲಿಲ್ಲ, ಸಂಘದಲ್ಲಿ ಹೆಸರು ಕೆಡಿಸಲಿಲ್ಲ. ತಮ್ಮದೇ ಅರಮನೆಗೆ ಕರೆದುಕೊಂಡು ಹೋಗಿ, ತಾವು ಬಿಟ್ಟು ಬಂದ ವೈಭವವನ್ನು ಕಣ್ಣಾರೆ ತೋರಿಸಿ ಅವನ ಮನಸ್ಸನ್ನು ಸ್ಥಿರಗೊಳಿಸಿದರು. ಜೊತೆಗೆ ನಡೆದು ಹೋದರು ಎಂಬುದೇ ಆ ಕಥೆಯ ತಿರುಳು. ನಮ್ಮ ಸಮಾಜದಲ್ಲಿ ಇಂದು ಅನೇಕ ಸಲ ಉಲ್ಟಾ ನಡೆಯುತ್ತದೆ. ಒಬ್ಬನ ಅಂಗಡಿ ಕುಸಿದರೆ ಬಸದಿಯ ಮೆಟ್ಟಿಲಿಳಿಯುವುದರೊಳಗೆ ಸುದ್ದಿ ಊರೆಲ್ಲ ಹರಡುತ್ತದೆ. ಅವನ ಮನೆಯ ಬಾಗಿಲಿಗೆ ಹೋಗುವವರು ಇಬ್ಬರೂ ಸಿಗುವುದಿಲ್ಲ.

ಕೊನೆಗೆ, ಎಲ್ಲರ ಮನೆಯಲ್ಲೂ ನಡೆಸಬಹುದಾದ ನಾಲ್ಕು ಮಾತು.

ಮೊದಲನೆಯದು: ವಾರಕ್ಕೊಮ್ಮೆ ಗಂಡ-ಹೆಂಡತಿ ಕೂಡಿ ಮನೆಯ ಕಿರ್ದಿ ಓದಿರಿ. ಬೆಳೆದ ಮಕ್ಕಳಿದ್ದರೆ ಅವರನ್ನೂ ಕೂಡಿಸಿಕೊಳ್ಳಿರಿ. ಮುಚ್ಚಿಟ್ಟ ಸಾಲಕ್ಕೆ ಬಡ್ಡಿಯ ಜೊತೆಗೆ ಭಯವೂ ಬೆಳೆಯುತ್ತದೆ.

ಎರಡನೆಯದು: ಅಂಗಡಿ ತೆರೆಯುವ ಮುಂಚೆ ಸಾಮಾಯಿಕಕ್ಕೆ ಕೂಡಿರಿ. ಪೂರ್ತಿ 48 ನಿಮಿಷ ಆಗದಿದ್ದರೆ ಆದಷ್ಟು. ಆ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರಲಿ.

ಮೂರನೆಯದು: ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ದಿನ, ನಿಜವಾಗಿಯೂ ಕೊಡಲಾಗದವರ ಒಂದು ಉದ್ರಿ ಖಾತೆಯನ್ನಾದರೂ ಹೊಡೆದುಹಾಕಿರಿ. ಹಾಗೆ ಮಾಡಿದ್ದನ್ನು ಅವರಿಗೆ ಮಾತ್ರ ತಿಳಿಸಿರಿ.

ನಾಲ್ಕನೆಯದು: "ಹ್ಯಾಂಗದೀರಿ?" ಎಂದು ಎರಡು ಸಲ ಕೇಳಿರಿ. ಮೊದಲನೆಯ ಸಲ ಎಲ್ಲರೂ "ಚಲೋ" ಎನ್ನುತ್ತಾರೆ, ಎರಡನೆಯ ಸಲ ನಿಜ ಬರುತ್ತದೆ. ನಿಮ್ಮ ಕೈಗೆ ಮೀರಿದ್ದೆನಿಸಿದರೆ ಸರಕಾರದ ಟೆಲಿ-ಮಾನಸ್ 14416 ಎಂಬ ಸಂಖ್ಯೆ ಇದೆ. ಹಗಲು-ರಾತ್ರಿ ಕರೆ ಮಾಡಬಹುದು, ಹಣವಿಲ್ಲ, ಕನ್ನಡದಲ್ಲೂ ಮರಾಠಿಯಲ್ಲೂ ಮಾತನಾಡುತ್ತಾರೆ. ಆ ಸಂಖ್ಯೆಯನ್ನು ಅಂಗಡಿಯ ಗೋಡೆಯ ಮೇಲೆ ಬರೆದಿಡಿರಿ. ಉದ್ರಿ ಕೇಳಬೇಡಿರಿ ಎಂಬ ಪಾಟಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬಂದೀತು.

ಶುಭದ ಮಾತು ನಮ್ಮ ಹಿರಿಯರು ಬಿಟ್ಟುಹೋದ ಬೀಜ. ನಿಜದ ಲೆಕ್ಕ, ನಿತ್ಯದ ಧರ್ಮ, ನೆರೆಯವನ ಕೈ ಇವು ಅದಕ್ಕೆ ಬೇಕಾದ ಹಸಿ. ಹಸಿ ಇದ್ದಲ್ಲಿ ಬೀಜ ಹುಸಿಯಾಗುವುದಿಲ್ಲ.

ಮುಂದಿನ ತಿಂಗಳು ಮತ್ತೆ ಕಟ್ಟೆಯ ಮೇಲೆ ಕೂಡೋಣ. ಹೋಗಿ ಬರ್ತೀನ್ರಿ.