ಗಾಡಿ ಓಡಿದರೆ ಅದು ಹೆಂಗ ಆಟ ಅಂದವರಿಗೆ

ಗುಳೇದಗುಡ್ಡದಲ್ಲಿ ಕಾರ್ ರೇಸ್ ನೋಡುವವರು ಬೆರಳೆಣಿಕೆಯ ಮಂದಿ. ಅದನ್ನು ಬೈಯುವವರು ಮಾತ್ರ ಓಣಿಗೊಬ್ಬರು ಸಿಗುತ್ತಾರೆ. ನನ್ನದು ಖಣದ ಅಂಗಡಿ. ಯುರೋಪಿನ ಫಾರ್ಮುಲಾ ಒನ್ ರೇಸುಗಳು ನಮಗೆ ಸಾಮಾನ್ಯವಾಗಿ ಭಾನುವಾರ ಸಂಜೆ ಆರೂವರೆಗೆ ಶುರುವಾಗುತ್ತವೆ. ಆ ಹೊತ್ತಿಗೆ ಖಣದ ಥಾನಿಗೆ ಮೊಬೈಲ್ ಆನಿಸಿಟ್ಟು ಕೂತಿರುತ್ತೇನೆ. ಜಪಾನಿನ ರೇಸ್ ಬೆಳಗ್ಗೆ ಹತ್ತೂವರೆಗೆ, ಗಿರಾಕಿ ಬರುವ ಹೊತ್ತು. ಬ್ರೆಜಿಲಿನದು ರಾತ್ರಿ ಹತ್ತೂವರೆಗೆ, ಮನೆಯವರು ಬೈಯುವ ಹೊತ್ತು. ಮೊದಲು ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಬರುತ್ತಿತ್ತು, 2024ರಿಂದ ಫ್ಯಾನ್‌ಕೋಡ್‌ಗೆ ದುಡ್ಡು ಕಟ್ಟಿ ನೋಡಬೇಕು. ದುಡ್ಡು ಕಟ್ಟಿ ನೋಡುತ್ತೇನೆಂದು ಗೊತ್ತಾದ ಮೇಲಂತೂ ಅಂಗಡಿ ಕಟ್ಟೆಯ ಮೇಲೆ ನನ್ನ ವಿಚಾರಣೆಗೆ ಬಿಡುವೇ ಇಲ್ಲ. ಅಲ್ಲಿ ಕೇಳಿದ ಆಕ್ಷೇಪಗಳಿಗೆ ಇಲ್ಲಿ ಒಮ್ಮೆಗೇ ಉತ್ತರ ಬರೆಯುತ್ತಿದ್ದೇನೆ.

ಎಲ್ಲರ ಬಾಯಲ್ಲೂ ಇರುವ ಮೊದಲ ಮಾತು: "ಓಡೂದು ಗಾಡಿ. ಮನಷ್ಯಾ ಸುಮ್ಮ ಕುಂತಿರ್ತಾನ. ಅದು ಹೆಂಗ ಆಟ?"

ನೇಕಾರರ ಊರಲ್ಲಿ ಈ ಮಾತು ಬರುವುದೇ ನನಗೆ ಸೋಜಿಗ. ಕುಣಿಮಗ್ಗದಲ್ಲಿ ಕೂತವನ ಕಾಲು ತುಳಿಯುತ್ತಿರುತ್ತದೆ, ಕೈ ಲಾಳಿ ಎಸೆಯುತ್ತಿರುತ್ತದೆ, ಕಣ್ಣು ಎಳೆಯ ಮೇಲಿರುತ್ತದೆ. ಅವನಿಗೆ "ನೇಯೂದು ಮಗ್ಗ, ನೀ ಸುಮ್ಮ ಕುಂತೀದಿ" ಅಂದು ನೋಡಿ. ಫಾರ್ಮುಲಾ ಒನ್ ಚಾಲಕನ ತಲೆ ಮತ್ತು ಹೆಲ್ಮೆಟ್ ಸೇರಿ ಆರೇಳು ಕಿಲೋ ತೂಗುತ್ತವೆ. ವೇಗದ ತಿರುವಿನಲ್ಲಿ ಆ ಭಾರ ಐದು ಪಟ್ಟು ಆಗಿ ಕುತ್ತಿಗೆಯನ್ನು ಪಕ್ಕಕ್ಕೆ ಜಗ್ಗುತ್ತದೆ. ಬ್ರೇಕಿನ ಮೇಲೆ ಪ್ರತಿ ಸಲ ನೂರು ಕಿಲೋಗೂ ಮೀರಿದ ಒತ್ತಡ ಹಾಕಬೇಕು. ಇದನ್ನು ಒಂದೂವರೆ ತಾಸು, ಬೆಂಕಿಗೆ ತಾಳುವ ದಪ್ಪ ಉಡುಪು ತೊಟ್ಟು ಮಾಡಬೇಕು. 2023ರ ಕತಾರ್ ರೇಸಿನಲ್ಲಿ ಎಸ್ತೆಬಾನ್ ಓಕಾನ್ ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡು ಓಡಿಸಿದ. ಲೋಗನ್ ಸಾರ್ಜೆಂಟ್ ಮೈಯ ನೀರು ಬತ್ತಿ, ರೇಸ್ ಬಿಟ್ಟು ಇಳಿದ. ನಮ್ಮ ಕಡೆ ಏಪ್ರಿಲ್‌ನ ಮಧ್ಯಾಹ್ನ ಹುನಗುಂದಕ್ಕೆ ಬೈಕ್ ಓಡಿಸಿದವರಿಗೆ ಆ ಸಂಕಟದ ಒಂದು ಕೊಸರಾದರೂ ಗೊತ್ತಿರಬೇಕು.

ಇನ್ನು ಗೆಲ್ಲುವುದು ಕಾರೋ, ಮನುಷ್ಯನೋ? ಇದಕ್ಕೆ 2023ರ ಲೆಕ್ಕ ಸಾಕು. ರೆಡ್‌ಬುಲ್ ತಂಡದಲ್ಲಿ ಒಂದೇ ಮಾದರಿಯ ಎರಡು ಕಾರು. ಒಂದರಲ್ಲಿ ಮ್ಯಾಕ್ಸ್ ವರ್ಸ್ಟಾಪನ್, ಇನ್ನೊಂದರಲ್ಲಿ ಸೆರ್ಹಿಯೊ ಪೆರೆಸ್. ಆ ವರ್ಷದ 22 ರೇಸುಗಳಲ್ಲಿ ವರ್ಸ್ಟಾಪನ್ ಗೆದ್ದದ್ದು 19, ಪೆರೆಸ್ ಗೆದ್ದದ್ದು 2. ಒಬ್ಬನಿಗೆ 575 ಅಂಕ, ಇನ್ನೊಬ್ಬನಿಗೆ 285. ಕಾರು ಚಲೋ ಇತ್ತು, ಒಪ್ಪಿದೆ. ಕೆಟ್ಟ ಕಾರಿನಲ್ಲಿ ವರ್ಸ್ಟಾಪನ್ನನೂ ಹತ್ತೊಂಬತ್ತು ಗೆಲ್ಲುತ್ತಿರಲಿಲ್ಲ. ಆದರೆ ಹತ್ತೊಂಬತ್ತಕ್ಕೂ ಎರಡಕ್ಕೂ ನಡುವಿನ ಅಂತರವನ್ನು ಯಾವ ಎಂಜಿನ್ ತುಂಬಿಕೊಟ್ಟಿತು ಹೇಳಿ.

ಓಡುವುದು ಗಾಡಿ ಎನ್ನುವವರೇ ಜಾತ್ರೆಯಲ್ಲಿ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದಕ್ಕೆ ಓಡಿಸುವ ಶರ್ಯತ್ತಿಗೆ ಸಿಳ್ಳೆ ಹಾಕುವವರು. ಯಾರ ಟ್ರೇಲರ್ ಅಡ್ಡ ತಿರುಗದೆ ನೆಟ್ಟಗೆ ಹಿಂದೆ ಹೋಯಿತು ಎಂದು ವಾರಗಟ್ಟಲೆ ಚರ್ಚೆ ಮಾಡುತ್ತಾರೆ. ಅಲ್ಲಿ ಟ್ರ್ಯಾಕ್ಟರ್ ಗೆದ್ದಿತು ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಹೂವಿನ ಹಾರ ಬೀಳುವುದು ಓಡಿಸಿದವನ ಕೊರಳಿಗೆ.

ಎರಡನೆಯದು ನಿವೃತ್ತ ಮಾಸ್ತರರೊಬ್ಬರ ತಕರಾರು. "ಇದು ಆಟ ಅಲ್ಲ ಅಂತ ಸರಕಾರನ ಹೇಳಿತ್ತಲ್ಲೋ" ಎನ್ನುತ್ತಾರೆ. ಮಾಸ್ತರರ ನೆನಪು ಗಟ್ಟಿ. 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್‌ನಲ್ಲಿ ಇಂಡಿಯನ್ ಗ್ರಾಂಪ್ರಿ ನಡೆದಾಗ ಇದು ಕ್ರೀಡೆಯೋ ಮನರಂಜನೆಯೋ ಎಂಬ ತೆರಿಗೆ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಮೂರೇ ವರ್ಷಕ್ಕೆ ರೇಸ್ ನಿಂತಿತು. ಮೂರನ್ನೂ ಗೆದ್ದವನು ಸೆಬಾಸ್ಟಿಯನ್ ವೆಟೆಲ್. ಆದರೆ ಮಾಸ್ತರರೇ, 2019ರಲ್ಲಿ ಅದೇ ಸರಕಾರ ರ‍್ಯಾಲಿ ಚಾಲಕ ಗೌರವ್ ಗಿಲ್‌ಗೆ ಅರ್ಜುನ ಪ್ರಶಸ್ತಿ ಕೊಟ್ಟಿತು. ಮೋಟಾರ್ ಕ್ರೀಡೆಗೆ ಬಂದ ಮೊದಲ ಅರ್ಜುನ ಅದು. ಸರಕಾರವೇ ಪ್ರಮಾಣ ಅನ್ನುವುದಾದರೆ ಈ ಪುಟವನ್ನೂ ಓದಬೇಕಲ್ಲ?

ಕ್ರಿಕೆಟ್ ಹುಡುಗರದು ಮೂರನೆಯದು: "ಸುತ್ತಿದ್ದ ಸುತ್ತೂದು, ಬ್ಯಾಸರಾಗೂದಿಲ್ಲೇನ್ರೀ ಕಾಕಾ?" ಆಗುತ್ತದೆ, ಕೆಲವು ಸಲ. ಮೊನಾಕೊದ ಇಕ್ಕಟ್ಟು ಬೀದಿಗಳಲ್ಲಿ ಮುಂದಿನವನನ್ನು ದಾಟಲು ಜಾಗವೇ ಇರುವುದಿಲ್ಲ, ನನಗೂ ತೂಕಡಿಕೆ ಬರುತ್ತದೆ. ಹಾಗಂತ ಡ್ರಾ ಆದ ಟೆಸ್ಟ್ ನೋಡಿ ಯಾರೂ ಕ್ರಿಕೆಟ್ ಬಿಟ್ಟಿಲ್ಲ. 2021ರ ಕೊನೆಯ ರೇಸಿಗೆ ಅಬುಧಾಬಿಗೆ ಬಂದಾಗ ಲೂಯಿಸ್ ಹ್ಯಾಮಿಲ್ಟನ್ನನಿಗೂ ವರ್ಸ್ಟಾಪನ್ನನಿಗೂ ತಲಾ 369.5 ಅಂಕ. ಇಡೀ ವರ್ಷದ ತೀರ್ಮಾನ ಕೊನೆಯ ಒಂದು ಸುತ್ತಿಗೆ ಬಂದು ನಿಂತಿತು. ಹ್ಯಾಮಿಲ್ಟನ್ ಕಾರಿಗೆ ಸವೆದ ಟಾಯರು, ವರ್ಸ್ಟಾಪನ್ ಕಾರಿಗೆ ಹೊಸ ಟಾಯರು. ನಡುವೆ ಸಿಕ್ಕಿಕೊಂಡಿದ್ದ ಕಾರುಗಳಿಗೆ ಮಾತ್ರ ದಾರಿ ಬಿಡಿಸಿ, ಅಪಘಾತದಿಂದಾಗಿ ನಿಧಾನಗೊಳಿಸಿದ್ದ ರೇಸನ್ನು ಮತ್ತೆ ಶುರು ಮಾಡಿದ ಅಧಿಕಾರಿಯ ತೀರ್ಪು ಅನ್ಯಾಯದ್ದು ಎಂಬುದೇ ಇವತ್ತಿಗೂ ನನ್ನ ಅಭಿಪ್ರಾಯ. ಅಂಪೈರನ್ನು ಬೈಯುವ ಸುಖ ಕ್ರಿಕೆಟ್ಟಿಗೆ ಮಾತ್ರ ಸೇರಿದ್ದಲ್ಲ.

"ಎಣ್ಣಿ ಸುಟ್ಟು ಹೊಗಿ ಬಿಡೂದಕ್ಕ ಆಟ ಅಂತೀರೇನು?" ಇದು ಗಟ್ಟಿ ಪ್ರಶ್ನೆ. ಆದರೆ ಗುರಿ ತಪ್ಪಿದೆ. 2019ರಲ್ಲಿ ಫಾರ್ಮುಲಾ ಒನ್ ಸಂಸ್ಥೆ ತನ್ನ ಲೆಕ್ಕ ತಾನೇ ಹೊರಗೆ ಹಾಕಿತು. ವರ್ಷಕ್ಕೆ 2,56,551 ಟನ್ ಇಂಗಾಲದ ಡೈಆಕ್ಸೈಡ್. ಅದರಲ್ಲಿ ರೇಸ್ ಕಾರುಗಳು ಸುಟ್ಟ ಇಂಧನದ ಪಾಲು ಶೇ 0.7. ಶೇ 45ರಷ್ಟು ಬಂದದ್ದು ವಿಮಾನ, ಹಡಗು, ಲಾರಿಗಳಲ್ಲಿ ಸಾಮಾನು ಹೊರುವುದರಿಂದ. ಅಂದರೆ ಹೊಗೆ ಹುಟ್ಟುವುದು ಟ್ರ್ಯಾಕಿನ ಮೇಲಲ್ಲ, ಭೂಮಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಹಾರಿಸುವ ವೇಳಾಪಟ್ಟಿಯಲ್ಲಿ. ಬೈಯುವುದಾದರೆ ಅದನ್ನು ಬೈಯಿರಿ, ನಾನೂ ದನಿ ಸೇರಿಸುತ್ತೇನೆ. ವರ್ಷಕ್ಕೆ 24 ರೇಸ್ ಬೇಕಾಗಿಲ್ಲ. ನೋಡುವ ನನಗೇ ಸಾಕಾಗುತ್ತದೆ.

ಈಗ ಸಾವಿನ ಮಾತು. ಇದನ್ನು ಜಾಣತನದಲ್ಲಿ ಜಾರಿಸಲು ನನಗೆ ಮನಸ್ಸಿಲ್ಲ. 1994ರಲ್ಲಿ ಇಮೋಲಾದಲ್ಲಿ ಒಂದೇ ವಾರಾಂತ್ಯದಲ್ಲಿ ಚಾಲಕರಾದ ರಾಟ್ಜನ್‌ಬರ್ಗರ್ ಮತ್ತು ಸೆನ್ನಾ ಸತ್ತರು. ಆಮೇಲೆ ಈ ಕ್ರೀಡೆ ಸುರಕ್ಷತೆಯ ಪಾಠವನ್ನು ಮೊದಲಿಂದ ಕಲಿಯಿತು. 2018ರಲ್ಲಿ ಚಾಲಕನ ತಲೆ ಕಾಯಲು ಹೇಲೊ ಎಂಬ ಲೋಹದ ಕಮಾನು ಕಡ್ಡಾಯವಾಯಿತು. ನೋಡಲು ಕೆಟ್ಟದಾಗಿದೆ ಎಂದು ಆಗ ಅಭಿಮಾನಿಗಳೇ ಹಳಿದರು. 2020ರಲ್ಲಿ ಬಹ್ರೇನಿನಲ್ಲಿ ರೋಮಾನ್ ಗ್ರೋಜಾನ್‌ನ ಕಾರು ತಡೆಗೋಡೆ ಸೀಳಿ ಎರಡು ತುಂಡಾಗಿ ಉರಿಯಿತು. ಅದರೊಳಗಿಂದ ಅವನು ತಾನೇ ಎದ್ದು ಬಂದ. ಉಳಿಸಿದ್ದು ಆ ಕಮಾನು.

ಆದರೆ 2023ರ ಆಗಸ್ಟಿನಲ್ಲಿ ಚೆನ್ನೈ ಟ್ರ್ಯಾಕಿನಲ್ಲಿ ಬೈಕ್ ರೇಸಿಗಿಳಿದ ಬೆಂಗಳೂರಿನ ಶ್ರೇಯಸ್ ಹರೀಶ್‌ಗೆ ವಯಸ್ಸು 13. ಆ ಹುಡುಗ ಮನೆಗೆ ಮರಳಲಿಲ್ಲ. 2019ರಲ್ಲಿ ರಾಜಸ್ಥಾನದ ರ‍್ಯಾಲಿಯಲ್ಲಿ, ಮುಚ್ಚಿರಬೇಕಾದ ದಾರಿಗೆ ಬೈಕ್ ಬಂದು, ಗಿಲ್ ಅವರ ಕಾರಿಗೆ ಸಿಕ್ಕು ಮೂವರು ಸತ್ತರು. ಇವಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ. ಅಷ್ಟು ಎಳೆಯರನ್ನು ಅಂಥ ವೇಗದ ಬೈಕಿನ ಮೇಲೆ ಕೂಡಿಸಬಾರದು, ದಾರಿ ಕಾಯಲಾಗದ ಕಡೆ ರ‍್ಯಾಲಿ ಮಾಡಬಾರದು, ಅಷ್ಟೇ.

"ರೇಸ್ ನೋಡಿನ ನಮ್ಮ ಹುಡುಗುರು ವ್ಹೀಲಿ ಹೊಡದು ಕೈಕಾಲು ಮುರಕೊಳ್ಳಾತಾರ" ಎಂಬುದನ್ನು ಮಾತ್ರ ಒಪ್ಪಲಾರೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರು ರೇಸ್ ನೋಡಿ ಸತ್ತವರಲ್ಲ. ಬಾಗಲಕೋಟೆ ರಸ್ತೆಯಲ್ಲಿ ಹೆಲ್ಮೆಟ್ ಹ್ಯಾಂಡಲ್ಲಿಗೆ ನೇತುಹಾಕಿ ಹೋಗುವ ಹುಡುಗನನ್ನು ನಿಲ್ಲಿಸಿ ಹ್ಯಾಮಿಲ್ಟನ್ ಯಾರು ಅಂತ ಕೇಳಿ, ಗೊತ್ತಿರುವುದಿಲ್ಲ. ಟ್ರ್ಯಾಕಿನಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಗಾಡಿ ಹತ್ತಲು ಬಿಡುವುದೇ ಇಲ್ಲ.

ಕೊನೆಯ ಎರಡು ಆಕ್ಷೇಪ ಒಂದಕ್ಕೊಂದು ಅಂಟಿಕೊಂಡಿವೆ: ಇದು ನಮ್ಮ ಮಂದಿಯ ಆಟವಲ್ಲ, ಮತ್ತು ಇದು ದುಡ್ಡಿದ್ದವರ ಚೈನಿ.

ನಮ್ಮ ಮಂದಿ ಅಂದರೆ ಯಾರು? ಡಾಕರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು. ಅದು 2015ರಲ್ಲಿ, 36ನೇ ಸ್ಥಾನ. 2019ರಲ್ಲಿ ಬಾಹಾ ಬೈಕ್ ರ‍್ಯಾಲಿಗಳ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದ ಐಶ್ವರ್ಯ ಪಿಸ್ಸೆ ಬೆಂಗಳೂರಿನವರು. 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟು ಸ್ಪ್ರಿಂಟ್ ರೇಸ್ ಗೆದ್ದ ಕುಶ್ ಮೈನಿಯೂ ಬೆಂಗಳೂರಿನವನೇ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ನಡೆಯುತ್ತ ಬಂದಿದೆ. ನಮ್ಮ ಖಣವನ್ನು ಮಹಾರಾಷ್ಟ್ರದ ಹೆಂಗಸರು ಉಡುತ್ತಾರೆ, ಗುಳೇದಗುಡ್ಡ ನೋಡಿಲ್ಲ ಅಂತ ಯಾರೂ ಬಿಟ್ಟಿಲ್ಲ. ರೇಸ್ ಮೆಚ್ಚಲು ನನಗೆ ಮೊನಾಕೊ ಪಾಸ್‌ಪೋರ್ಟ್ ಬೇಕೇ?

ದುಡ್ಡಿನ ಮಾತು ಮಾತ್ರ ಸತ್ಯ. ಮೇಲಿನ ಪಟ್ಟಿಯನ್ನೇ ನೋಡಿ, ಎಲ್ಲರೂ ಬೆಂಗಳೂರು. ಕುಶ್ ಮೈನಿಯದು ಉದ್ಯಮಿಗಳ ಮನೆತನ. ಓಕಾನ್‌ನ ತಾಯಿತಂದೆ ಮಗನ ರೇಸಿಗಾಗಿ ಮನೆ ಮಾರಿ ಗಾಡಿಯಲ್ಲೇ ಸಂಸಾರ ಮಾಡಿದರು. ಎಲ್ಲ ಅಪ್ಪಂದಿರೂ ಹಾಗೆ ಮಾಡಲಾರರು, ಮಾಡಬಾರದು ಕೂಡ. ನೇಕಾರನ ಮಗ ಕಾರ್ಟಿಂಗ್ ಕಲಿಯಬೇಕೆಂದರೆ ಬೆಂಗಳೂರಿಗೆ ಹೋಗಬೇಕು, ರೇಸ್ ಓಡಿಸಬೇಕೆಂದರೆ ಚೆನ್ನೈ ಅಥವಾ ಕೊಯಮತ್ತೂರಿಗೆ ಹೋಗಬೇಕು. ಇಷ್ಟು ಸವಾರರನ್ನು ಕೊಟ್ಟ ಕರ್ನಾಟಕದಲ್ಲಿ ಅಂತರರಾಷ್ಟ್ರೀಯ ದರ್ಜೆಯ ಒಂದು ಸರ್ಕಿಟ್ ಇಲ್ಲ. ಆದರೆ ಬಡವನಿಗೆ ಬಾಗಿಲು ಮುಚ್ಚಿದೆ ಎನ್ನುವುದು ಬಾಗಿಲು ತೆರೆಯಲು ಕಾರಣವಾಗಬೇಕೇ ಹೊರತು ಒಳಗಿನ ಆಟ ಕೆಟ್ಟದ್ದು ಎನ್ನಲು ಅಲ್ಲ.

ಬಾಗಿಲು ತೆರೆಯಲು ಕೋಟಿಗಳೂ ಬೇಕಿಲ್ಲ. ಆಟೊಕ್ರಾಸ್ ಅಂತ ಇದೆ. ಸುಗ್ಗಿ ಮುಗಿದ ಹೊಲದಲ್ಲಿ ಮಣ್ಣಿನ ದಾರಿ ಗುರುತು ಮಾಡಿ, ಒಂದು ಸಲಕ್ಕೆ ಒಂದೇ ಕಾರು ಬಿಟ್ಟು, ಗಡಿಯಾರ ಹಿಡಿದು ನೋಡುವುದು. ಒಬ್ಬರಿಗೊಬ್ಬರು ಗುದ್ದುವ ಭಯವಿಲ್ಲ, ಹಳೆಯ ಮಾರುತಿ ಕಾರಿನಲ್ಲೂ ಆಗುತ್ತದೆ. ತೆರಬಂಡಿಗೆ, ಟ್ರ್ಯಾಕ್ಟರ್ ಶರ್ಯತ್ತಿಗೆ ಪಟ್ಟಿ ಎತ್ತುವ ನಮ್ಮ ಜಾತ್ರೆ ಕಮಿಟಿಗಳಿಗೆ ಇದೇನೂ ಆಗದ ಕೆಲಸವಲ್ಲ. ಬಾಗಲಕೋಟೆ ಜಿಲ್ಲೆಯ ಕ್ರೀಡಾ ಇಲಾಖೆಗೂ ಕಮಿಟಿಗಳ ಹಿರಿಯರಿಗೂ ನನ್ನ ವಿನಂತಿ ಇಷ್ಟು: ಮುಂದಿನ ಸುಗ್ಗಿಯ ಹೊತ್ತಿಗೆ ಪರವಾನಗಿ ತೆಗೆದು, ಅನುಭವಿ ಮೋಟಾರ್ ಕ್ಲಬ್ ಒಂದನ್ನು ಕರೆಸಿ, ಒಂದು ದಿನದ ಆಟೊಕ್ರಾಸ್ ಮಾಡಿಸಿ. ಜನ ನಿಲ್ಲುವ ಕಡೆ ಕಟ್ಟಿಗೆಯ ತಡೆ ಹಾಕಿಸಿ, ಆಂಬುಲೆನ್ಸ್ ಬಂದು ನಿಂತ ಮೇಲೆಯೇ ಮೊದಲ ಕಾರು ಬಿಡಿಸಿ. ಆ ತಡೆಯನ್ನು ಟ್ರ್ಯಾಕ್ಟರ್ ಶರ್ಯತ್ತಿಗೂ ಹಾಕಿಸಿದರೆ ಇನ್ನೂ ಒಳ್ಳೆಯದು. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಐದು ಸಾವಿರ ಬರೆದುಕೊಳ್ಳಿ.